ಬೆಂಗಳೂರಿನ ಯುದ್ಧ ಸ್ಮಾರಕಗಳು: ಪದೇ ಪದೇ ಕೇಳೋ ಪ್ರಶ್ನೆಗಳು

ರಜಾ ದಿನ ಜನರನ್ನ ಕರ್ಕೊಂಡು ಊರಿನ ಹಳೇ ಜಾಗಗಳನ್ನ ಸುತ್ತಿಸೋ ಚಾಳಿ ನನಗೆ. ಯುದ್ಧ ಸ್ಮಾರಕಗಳ ಹತ್ರ ಬಂದಾಗೆಲ್ಲ ಸುಮಾರಾಗಿ ಅದೇ ಪ್ರಶ್ನೆಗಳು ಬರ್ತವೆ, ಅದಕ್ಕೆ ಎಲ್ಲಾ ಒಂದೇ ಕಡೆ ಬರ್ದಿಟ್ಟಿದೀನಿ. ಆರ್ಡರ್ ಏನಿಲ್ಲ, ಬೇಕಾದ್ದು ಓದ್ಕೊಳ್ಳಿ.

ಪ್ರ: ಬೆಂಗಳೂರಿನ ವಾರ್ ಮೆಮೋರಿಯಲ್ ಅಂದ್ರೆ ಯಾವ್ದು?

ಯಾರನ್ನ ಕೇಳ್ತೀರಿ ಅನ್ನೋದ್ರ ಮೇಲಿದೆ. ಕಂಟೋನ್ಮೆಂಟ್ ಕಡೆ ಹಳಬರು ಬ್ರಿಗೇಡ್ ರೋಡು ರೆಸಿಡೆನ್ಸಿ ರೋಡು ಸೇರೋ ಜಂಕ್ಷನ್‌ನಲ್ಲಿರೋ ಕಲ್ಲಿನ ಕಂಬ ತೋರಿಸ್ತಾರೆ. ಜೆ.ಸಿ. ನಗರದ ಕಡೆಯೋರು ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಅಂತಾರೆ. ಈಗಿನ ಹುಡುಗ್ರು ಗೂಗಲ್ ಮ್ಯಾಪ್ ಹಾಕಿದ್ರೆ ಬರೋದು ಚೌಡಯ್ಯ ರಸ್ತೆಲಿ ತಾರಾಲಯದ ಹತ್ರ ಇರೋ ನ್ಯಾಷನಲ್ ಮಿಲಿಟರಿ ಮೆಮೋರಿಯಲ್. ಮೂರೂ ಸರಿನೇ. ನನ್ನ ಕೇಳಿದ್ರೆ ನಾಲ್ಕನೇದು ಒಂದಿದೆ, ಮಿಕ್ಕ ಮೂರಕ್ಕಿಂತ ಸಾವಿರ ವರ್ಷ ಹಳೇದು, ಅದು ಬೇಗೂರಲ್ಲಿದೆ, ಅದರ ಕಥೆ ಕೆಳಗೆ ಬರುತ್ತೆ.

ಪ್ರ: ಬ್ರಿಗೇಡ್ ರೋಡ್ ಕಂಬ ಯಾರ ನೆನಪಿಗೆ? ದಿನಾ ಅದರ ಪಕ್ಕನೇ ಓಡಾಡ್ತೀನಿ, ಒಂದಿನಾನೂ ಓದಿಲ್ಲ.

ಓದದೇ ಇರೋದು ನೀವೊಬ್ಬರೇ ಅಲ್ಲ ಬಿಡಿ. ಸಿಗ್ನಲ್ ಬಿದ್ದಾಗ ಅಲ್ಲಿ ನಿಲ್ಲೋ ಬೈಕಿನೋರಲ್ಲಿ ಎಲ್ಲಾರೂ ನೋಡೋದು ರೆಡ್ ಲೈಟ್‌ನ ಸೆಕೆಂಡ್ಸ್‌ನ. ಅದು ಮದ್ರಾಸ್ ಪಯೋನಿಯರ್ಸ್ ಪಡೆಗಳ ಸ್ಮಾರಕ. ಪಯೋನಿಯರ್ ಅಂದ್ರೆ ಬಂದೂಕು ಹಿಡಿಯೋ ಕಾಲಾಳೂ ಹೌದು, ಸಲಿಕೆ ಗುದ್ದಲಿ ಹಿಡಿಯೋ ಕೆಲಸಗಾರನೂ ಹೌದು. ಸೈನ್ಯ ಮುಂದಕ್ಕೆ ಹೋಗ್ಬೇಕಂದ್ರೆ ರಸ್ತೆ ಮಾಡೋದು, ಕಂದಕ ತೋಡೋದು, ಸೇತುವೆ ಹಾಕೋದು, ಗುಂಡು ಬಂದ್ರೆ ಅಲ್ಲೇ ಗುದ್ದಲಿ ಬಿಸಾಕಿ ಬಂದೂಕು ಎತ್ಕೊಳೋದು, ಇದು ಇವರ ಬದುಕು. ದಕ್ಷಿಣದ ಊರುಗಳಿಂದ ಹೋಗಿ 61, 64, 81ನೇ ಪಯೋನಿಯರ್ಸ್ ಪಡೆಗಳಲ್ಲಿ ಸೇರಿದೋರು ಮೊದಲ ಮಹಾಯುದ್ಧದಲ್ಲಿ ಪೂರ್ವ ಆಫ್ರಿಕಾ, ಮೆಸಪಟೋಮಿಯಾ, ಅಂದ್ರೆ ಈಗಿನ ಇರಾಕ್, ಅಲ್ಲೆಲ್ಲ ದುಡಿದ್ರು, ಸತ್ರು.

ಇದ್ರಲ್ಲಿ ನನಗೆ ಬೇಜಾರಾಗೋ ಒಂದು ವಿಷಯ ಏನಂದ್ರೆ, ಖರ್ಚು ಕಮ್ಮಿ ಮಾಡೋಕಂತ 1933ರಲ್ಲಿ ಪಯೋನಿಯರ್ ರೆಜಿಮೆಂಟ್‌ಗಳನ್ನೇ ಸರ್ಕಾರ ಮುಚ್ಚಿಬಿಡ್ತು. ಸಾಮಾನ್ಯವಾಗಿ ಒಂದು ರೆಜಿಮೆಂಟ್ ಇದ್ರೆ ಅವರೇ ವರ್ಷಕ್ಕೊಂದ್ಸಲ ಬಂದು ತಮ್ಮೋರ ಸ್ಮಾರಕಕ್ಕೆ ಹೂವಿಟ್ಟು ಸೆಲ್ಯೂಟ್ ಹೊಡೆದು ಹೋಗ್ತಾರೆ. ಆ ಮನೆನೇ ಮುಚ್ಚಿದ್ಮೇಲೆ ಈ ಕಂಬಕ್ಕೆ ಸ್ವಂತದೋರು ಅಂತ ಉಳಿದಿಲ್ಲ, ಊರೇ ಅದಕ್ಕೆ ವಾರಸುದಾರ.

ಪ್ರ: ಅವರೆಲ್ಲ ಬ್ರಿಟಿಷರ ಪರ ಹೋರಾಡಿದೋರು ಅಲ್ವಾ? ನಾವ್ಯಾಕೆ ನೆನಪಿಟ್ಕೋಬೇಕು?

ಜಗಳ ಶುರುವಾಗೋದು ಇಲ್ಲೇ. ಹತ್ತು ಜನ ಇದ್ರೆ ಒಬ್ಬರು ಇದನ್ನ ಕೇಳೇ ಕೇಳ್ತಾರೆ, ಕೇಳಬೇಕಾದ ಪ್ರಶ್ನೆನೂ ಹೌದು.

ಮೊದಲ ಮಹಾಯುದ್ಧಕ್ಕೆ ಭಾರತದಿಂದ ಸುಮಾರು 13 ಲಕ್ಷ ಜನ ಹೋದ್ರು, 74,000ದಷ್ಟು ಜನ ವಾಪಸ್ ಬರ್ಲಿಲ್ಲ. ಅವರಲ್ಲಿ ಎಷ್ಟು ಜನ ಲಂಡನ್ ಮೇಲಿನ ಪ್ರೀತಿಗೆ ಹೋಗಿರ್ತಾರೆ ಹೇಳಿ? ಸಂಬಳ, ಪೆನ್ಷನ್, ಮನೆಗೆ ತಿಂಗಳಿಗಿಷ್ಟು ಅಂತ ಬರೋ ದುಡ್ಡು, ಅಪ್ಪನೂ ಅದೇ ಪಲ್ಟನ್‌ನಲ್ಲಿದ್ದ ಅನ್ನೋ ಕಾರಣ, ಕೆಲವು ಕಡೆ ಒತ್ತಾಯ, ಇನ್ನು ಕೆಲವರಿಗೆ ಊರು ಬಿಟ್ಟು ಪ್ರಪಂಚ ನೋಡೋ ಆಸೆ. ಸಾಮ್ರಾಜ್ಯದ ಯುದ್ಧ ತಪ್ಪು ಅನ್ನೋದು ಬೇರೆ ಮಾತು, ಅದರಲ್ಲಿ ಸತ್ತ ಮುನಿಸ್ವಾಮಿಯೋ ಅಬ್ದುಲ್ಲನೋ ನಮ್ಮೋನಲ್ಲ ಅನ್ನೋದು ಬೇರೆ ಮಾತು. ಇವೆರಡನ್ನ ಕಲೆಸಿಬಿಟ್ರೆ ಆ ಜನ ಎರಡೂ ಕಡೆಯಿಂದ ಹೊರಗೆ ಬೀಳ್ತಾರೆ, ಬ್ರಿಟನ್ನಿನ ಕಥೆಲಿ ಅವರು ಅಡಿಟಿಪ್ಪಣಿ, ನಮ್ಮ ಸ್ವಾತಂತ್ರ್ಯದ ಕಥೆಲಿ ಅವರಿಗೆ ಜಾಗನೇ ಇಲ್ಲ. ಹಾಗಂತ ಹಳೇ ಕಲ್ಲು ಅಂದ ತಕ್ಷಣ ಎಲ್ಲದಕ್ಕೂ ಕೈ ಮುಗೀಬೇಕು ಅಂತಾನೂ ನಾನು ಹೇಳಲ್ಲ. ಕೆಡವಿದ ಸ್ಮಾರಕದ ಬಗ್ಗೆ ಕೆಳಗೆ ಬರ್ದಿದೀನಿ, ಅದು ಬೇರೆ ಕೇಸು.

ಪ್ರ: ಮೈಸೂರು ಲ್ಯಾನ್ಸರ್ಸ್ ಕಥೆ ಏನು? ಇಸ್ರೇಲ್‌ನೋರು ಯಾಕೆ ಇವರನ್ನ ನೆನಪಿಟ್ಕೊಂಡಿದಾರೆ?

23 ಸೆಪ್ಟೆಂಬರ್ 1918. ಈಗ ಇಸ್ರೇಲ್‌ನಲ್ಲಿರೋ ಹೈಫಾ ಆಗ ತುರ್ಕರ ಆಟೊಮನ್ ಸಾಮ್ರಾಜ್ಯದ ಊರು, ಸಮುದ್ರದ ದಡದಲ್ಲಿ ಬಂದರು, ಹಿಂದೆ ಕಾರ್ಮೆಲ್ ಬೆಟ್ಟ, ಬೆಟ್ಟದ ಮೇಲೆ ಫಿರಂಗಿಗಳು, ಕೆಳಗೆ ಮೆಷಿನ್ ಗನ್‌ಗಳು, ಪಕ್ಕದಲ್ಲಿ ಕಿಶೋನ್ ನದಿಯ ಕೆಸರು. ಇದರ ಮೇಲೆ ಕುದುರೆ ಮೇಲೆ ಕೂತು ಈಟಿ ಹಿಡ್ಕೊಂಡು ಹೋದೋರು ಜೋಧಪುರ ಲ್ಯಾನ್ಸರ್ಸ್ ಮತ್ತು ಮೈಸೂರು ಲ್ಯಾನ್ಸರ್ಸ್. ಎರಡೂ ಬ್ರಿಟಿಷ್ ಇಂಡಿಯಾದ ಪಡೆಗಳಲ್ಲ, ಸಂಸ್ಥಾನಗಳ ಪಡೆ. ಮೈಸೂರಿನೋರಲ್ಲಿ ಒಂದು ತುಕಡಿ ಬೆಟ್ಟದ ಹಿಂಬದಿಯಿಂದ ಹತ್ತಿ ಫಿರಂಗಿಗಳನ್ನ ಹಿಡೀತು, ಜೋಧಪುರದೋರು ಮುಂದಿನಿಂದ ಊರಿಗೇ ನುಗ್ಗಿದ್ರು. ಸಂಜೆ ಹೊತ್ತಿಗೆ ಊರು ಕೈಗೆ ಬಂತು, 1,350 ಜನ ಸೆರೆ ಸಿಕ್ರು. ನಮ್ಮ ಕಡೆ ಸತ್ತೋರು 8 ಜನ, ಗಾಯ ಆದೋರು 34. ಸತ್ತ ಕುದುರೆಗಳು 60. ಈ ಕೊನೇ ಲೆಕ್ಕ ಹೇಳಿದಾಗ ಯಾವಾಗ್ಲೂ ಒಂದು ಕ್ಷಣ ಗುಂಪು ಸುಮ್ನಾಗುತ್ತೆ, ಮನುಷ್ಯರ ಲೆಕ್ಕ ಕೇಳಿದಾಗ ಆಗಿರಲ್ಲ, ಯಾಕೋ ಗೊತ್ತಿಲ್ಲ.

ಹೈಫಾದಲ್ಲಿ ಭಾರತೀಯ ಸೈನಿಕರ ಸ್ಮಶಾನ ಇದೆ, ಅಲ್ಲಿ ಪ್ರತಿ ವರ್ಷ ಸ್ಮರಣೆ ನಡೆಯುತ್ತೆ. ಡೆಲ್ಲಿಲಿ ತೀನ್ ಮೂರ್ತಿ ಅಂತ ಕೇಳಿರ್ತೀರಲ್ಲ, ಆ ಮೂರು ಕಂಚಿನ ಸೈನಿಕರು ಯಾರು ಅಂದ್ಕೊಂಡಿದ್ರಿ? ಹೈದರಾಬಾದ್, ಜೋಧಪುರ, ಮೈಸೂರು ಲ್ಯಾನ್ಸರ್ಸ್ ಪ್ರತಿನಿಧಿಗಳು. 1922ರಲ್ಲಿ ನಿಲ್ಲಿಸಿದ್ದು. 2018ರಲ್ಲಿ ಅದಕ್ಕೆ ತೀನ್ ಮೂರ್ತಿ ಹೈಫಾ ಚೌಕ್ ಅಂತ ಹೆಸರಿಟ್ರು. ಪ್ರಧಾನಿ ನೆಹರು ಇದ್ದ ತೀನ್ ಮೂರ್ತಿ ಭವನಕ್ಕೆ ಆ ಹೆಸರು ಬಂದಿದ್ದೂ ಇವರಿಂದಲೇ, ಅಂದ್ರೆ ನೆಹರು ಮನೆ ವಿಳಾಸದಲ್ಲಿ ಒಬ್ಬ ಮೈಸೂರಿನ ಕುದುರೆ ಸವಾರ ಅಷ್ಟು ವರ್ಷ ನಿಂತಿದ್ದ.

ಬೆಂಗಳೂರಿನ ಜೆ.ಸಿ. ನಗರದ ಸ್ಮಾರಕ ಈಜಿಪ್ಟ್ ಮತ್ತು ಪ್ಯಾಲೆಸ್ತೀನ್‌ನಲ್ಲಿ ಸತ್ತ ಲ್ಯಾನ್ಸರ್ಸ್‌ದು. ಲ್ಯಾನ್ಸರ್ಸ್ ಮುಂದೆ ಸ್ವಾತಂತ್ರ್ಯ ಬಂದ್ಮೇಲೆ ಬೇರೆ ಸಂಸ್ಥಾನಗಳ ಅಶ್ವದಳಗಳ ಜೊತೆ ಸೇರಿ ಈಗಿನ 61 ಕ್ಯಾವಲ್ರಿ ಆಯ್ತು. ಹಾಗಾಗಿ ಪಯೋನಿಯರ್ಸ್ ಥರ ಇದು ಅನಾಥ ಅಲ್ಲ, ಸೆಪ್ಟೆಂಬರ್ 23ಕ್ಕೆ ಲ್ಯಾನ್ಸರ್ಸ್ ವಂಶಸ್ಥರು, ಸೈನ್ಯದೋರು ಬಂದು ಹೂವಿಡ್ತಾರೆ.

ಪ್ರ: ಚೌಡಯ್ಯ ರಸ್ತೆಯ ಹೊಸಾ ಮೆಮೋರಿಯಲ್‌ನಲ್ಲಿ ಏನಿದೆ?

ಸುಮಾರು ಏಳೂವರೆ ಎಕರೆ ಜಾಗ, ಮರಗಳ ಮಧ್ಯೆ. ಇದನ್ನ ಕಟ್ಟೋವಾಗ ಮರಗಳ ವಿಷಯಕ್ಕೆ ದೊಡ್ಡ ತಕರಾರು ಎದ್ದು ಕೆಲಸ ವರ್ಷಗಟ್ಟಲೆ ಎಳೆದಾಡ್ತು, ಪ್ರದರ್ಶನದ ಹಾಲ್ ನೆಲದ ಕೆಳಗಿರೋದ್ರಿಂದ ಮೇಲೆ ನೆರಳು ಉಳಿದಿದೆ, ಅದೊಂದು ಪುಣ್ಯ. ದೂರದಿಂದಲೇ ಕಾಣೋ ಧ್ವಜಸ್ತಂಭ ಇನ್ನೂರು ಅಡಿ ದಾಟುತ್ತೆ. ದೇವನಹಳ್ಳಿ ತಾಲೂಕಿನ ಕೊಯಿರಾದಿಂದ ತಂದ ಒಂದೇ ಕಲ್ಲಿನ 75 ಅಡಿ ವೀರಗಲ್ಲು ಇದೆ, ಎಲ್ಲಾರೂ ಫೋಟೋ ತೆಗೆಯೋದು ಅದನ್ನೇ.

ಆದ್ರೆ ನೀವು ಹೋದ್ರೆ ಗ್ರಾನೈಟ್ ಹಲಗೆಗಳ ಹತ್ರ ಹೋಗಿ. ಸ್ವಾತಂತ್ರ್ಯ ಬಂದಾಗಿನಿಂದ ಸತ್ತ ಸೈನಿಕರ ಹೆಸರುಗಳು, ಇಪ್ಪತ್ತು ಸಾವಿರಕ್ಕೂ ಜಾಸ್ತಿ. ಬೆಂಗಳೂರಿನೋರು ಮಾತ್ರ ಅಲ್ಲ, ಇಡೀ ದೇಶದೋರು. ಸುಮ್ನೆ ದೂರದಿಂದ ನೋಡಿದ್ರೆ ಬೂದು ಗೋಡೆ ಮೇಲೆ ಸಣ್ಣ ಅಕ್ಷರ ಅಷ್ಟೇ, ಏನೂ ಅನ್ಸಲ್ಲ. ಒಂದು ಹಲಗೆ ಮುಂದೆ ನಿಂತು ಬೆರಳಿಟ್ಟು ಮೇಲಿಂದ ಕೆಳಗೆ ಓದ್ಕೊಂಡು ಬನ್ನಿ, ಸಿಂಗ್, ಸಿಂಗ್, ಥಾಪಾ, ಸಿಂಗ್, ನಾಯರ್, ಖಾನ್, ಗೌಡ, ಸಿಂಗ್ ಅಂತ ಹೋಗ್ತಾ ಇದ್ದ ಹಾಗೆ ಎಲ್ಲೋ ಒಂದು ಕಡೆ ನಿಮ್ಮ ಕ್ಲಾಸ್‌ಮೇಟ್ ಹೆಸರೇ ಬಂದುಬಿಡುತ್ತೆ, ಅಥವಾ ನಿಮ್ಮದೇ. ಬಿಸಿಲಿಗೆ ಕಲ್ಲು ಕಾದಿರುತ್ತೆ, ಬೆರಳಿಗೆ ಅಕ್ಷರದ ತಗ್ಗು ಸಿಗುತ್ತೆ. 75 ಅಡಿ ಕಲ್ಲಿನಿಂದ ಆಗದ ಕೆಲಸ ಈ ಅರ್ಧ ಇಂಚಿನ ಅಕ್ಷರದಿಂದ ಆಗುತ್ತೆ ಅನ್ನೋದು ನನ್ನ ಅಭಿಪ್ರಾಯ, ಒಪ್ಪದೇ ಇರೋರು ಇದಾರೆ.

ಪ್ರ: ಮಿಲಿಟರಿ ಮೆಮೋರಿಯಲ್‌ಗೆ ವೀರಗಲ್ಲು ಯಾಕೆ ಬಂತು? ಅದು ಹಳ್ಳಿ ಕಡೆ ಇರೋದಲ್ವಾ?

ಬೆಂಗಳೂರೂ ಹಳ್ಳಿಗಳ ಮೇಲೇ ನಿಂತಿರೋದು ಅಲ್ವಾ. ಹಳೇ ಮೈಸೂರು ಸೀಮೆಲಿ ಯುದ್ಧದಲ್ಲಿ, ದನ ಕಳ್ಳರನ್ನ ಅಡ್ಡಗಟ್ಟೋವಾಗ, ಊರಿಗೆ ದಾಳಿಯಾದಾಗ ಸತ್ತೋರಿಗೆ ಕಲ್ಲು ನಿಲ್ಲಿಸೋದು ಸಾವಿರದ ಮುನ್ನೂರು ವರ್ಷಕ್ಕೂ ಹಿಂದಿನ ರೂಢಿ. ರಾಜನೇ ಆಗ್ಬೇಕಂತಿಲ್ಲ, ಗೌಡನ ಮಗ, ಸೆಟ್ಟಿ, ಆಳು ಯಾರಾದ್ರೂ ಸರಿ. ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕಿದ ಕಿತ್ತಯ್ಯನ ಕಲ್ಲು ಸುಮಾರು ಕ್ರಿ.ಶ. 750ರದ್ದು, ಗಂಗರ ಶ್ರೀಪುರುಷನ ಕಾಲ, ಬೆಂಗಳೂರಲ್ಲಿ ಇಲ್ಲೀವರೆಗೆ ಸಿಕ್ಕಿರೋ ಕನ್ನಡ ಶಾಸನಗಳಲ್ಲಿ ಅದೇ ಹಳೇದು, ಅದೂ ಕಾದಾಡಿ ಸತ್ತ ಒಬ್ಬ ಮನುಷ್ಯನ ನೆನಪಿಗೆ.

ಈಗ ಬೇಗೂರು. ಅಲ್ಲಿನ ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಸುಮಾರು ಕ್ರಿ.ಶ. 900ರ ಒಂದು ಕಲ್ಲಿದೆ. ಗಂಗರ ಕೈಕೆಳಗಿನ ನಾಯಕ ನಾಗತರನ ಕಡೆಯ ಬುಟ್ಟಣಸೆಟ್ಟಿ ಬೆಂಗಳೂರು ಕಾಳಗದಲ್ಲಿ ಸತ್ತ ಅಂತ ಅದರಲ್ಲಿದೆ. ಅಷ್ಟೇ, ಒಂದು ಸಾಲಿನ ವಿಷಯ. ಆದ್ರೆ ಈ ಊರಿನ ಹೆಸರು ಬರಹದಲ್ಲಿ ಸಿಗೋದು ಅದೇ ಮೊದಲು. ಕೆಂಪೇಗೌಡರಿಗಿಂತ ಆರು ಶತಮಾನ ಮುಂಚೆ. ಅಂದ್ರೆ ಬೆಂಗಳೂರು ಅನ್ನೋ ಹೆಸರು ನಮಗೆ ಸಿಕ್ಕಿರೋದೇ ಒಂದು ಯುದ್ಧ ಸ್ಮಾರಕದಿಂದ. ಯಾರೋ ಒಬ್ಬನ ಸಾವನ್ನ ನೆನಪಿಡಬೇಕು ಅಂತ ಅವನ ಕಡೆಯೋರು ಕಲ್ಲು ಕೆತ್ತಿಸದೇ ಹೋಗಿದ್ರೆ ಊರಿನ ಅಷ್ಟು ಹಳೇ ದಾಖಲೆನೂ ಇರ್ತಿರ್ಲಿಲ್ಲ. ಐಟಿ ಸಿಟಿ ಗಾರ್ಡನ್ ಸಿಟಿ ಅಂತ ಬೋರ್ಡ್ ಹಾಕೋ ಜನ ಇದನ್ನ ಯಾಕೆ ಹಾಕಲ್ವೋ.

ಪ್ರ: ವೀರಗಲ್ಲನ್ನ ಓದೋದು ಹೇಗೆ?

ಕೆಳಗಿಂದ ಮೇಲಕ್ಕೆ. ಸಾಮಾನ್ಯವಾಗಿ ಮೂರು ಅಂತಸ್ತು ಇರುತ್ತೆ. ಕೆಳಗೆ ಕಾಳಗ, ಕತ್ತಿ ಬಿಲ್ಲು ಕುದುರೆ, ದನ ಇದ್ರೆ ಅದು ತುರುಗೋಳ್, ಅಂದ್ರೆ ದನಗಳಿಗಾಗಿ ನಡೆದ ಜಗಳ. ಮಧ್ಯದಲ್ಲಿ ಅಪ್ಸರೆಯರು ಅವನನ್ನ ಎರಡೂ ಕಡೆ ಹಿಡ್ಕೊಂಡು ಮೇಲಕ್ಕೆ ಕರ್ಕೊಂಡು ಹೋಗ್ತಾ ಇರ್ತಾರೆ. ಮೇಲ್ಗಡೆ ಅವನು ಶಿವಲಿಂಗದ ಮುಂದೆ ಆರಾಮಾಗಿ ಕೂತಿರ್ತಾನೆ. ಅಕ್ಷರ ಇದ್ರೆ ಅಂತಸ್ತುಗಳ ನಡುವಿನ ಪಟ್ಟಿಲಿರುತ್ತೆ. ಗಂಗರ ಕಾಲದ ಹಳೇ ಕಲ್ಲುಗಳಲ್ಲಿ ಇಷ್ಟು ಅಚ್ಚುಕಟ್ಟು ಇರಲ್ಲ, ಒಂದೇ ಚಿತ್ರ, ಒಬ್ಬ ಮನುಷ್ಯ ಕತ್ತಿ ಹಿಡ್ಕೊಂಡು ನಿಂತಿರ್ತಾನೆ ಅಷ್ಟೇ.

ನಾಯಿಗೂ ಕಲ್ಲಿದೆ ಗೊತ್ತಾ? ಮಂಡ್ಯ ಜಿಲ್ಲೆಯ ಆತಕೂರಿನದ್ದು, ಕ್ರಿ.ಶ. 949ರ ಸುಮಾರಿನದ್ದು, ಕಾಳಿ ಅನ್ನೋ ಬೇಟೆ ನಾಯಿ ಹಂದಿ ಜೊತೆ ಕಾದಾಡಿ ಸತ್ತಿದ್ದಕ್ಕೆ. ಅದೇ ಶಾಸನದಲ್ಲಿ ತಕ್ಕೋಲಂ ಯುದ್ಧದ ವಿಷಯನೂ ಇದೆ, ರಾಷ್ಟ್ರಕೂಟರು ಗಂಗರು ಸೇರಿ ಚೋಳರನ್ನ ಸೋಲಿಸಿದ್ದು. ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಕ್ಕಳಿಗೆ ಮೊದಲು ಇದನ್ನ ತೋರ್ಸಿ, ಆಮೇಲೆ ಮಿಕ್ಕಿದ್ದು.

ಪ್ರ: ನಮ್ಮ ಏರಿಯಾದಲ್ಲಿ ಒಂದು ವೀರಗಲ್ಲಿಗೆ ಬಣ್ಣ ಬಳಿದು ಪೂಜೆ ಮಾಡ್ತಾರೆ. ಇದು ಸರಿನಾ?

ಪೂಜೆ ಮಾಡ್ಲಿ, ಬಣ್ಣ ಬೇಡ. ಆಯಿಲ್ ಪೇಂಟ್ ಒಂದ್ಸಲ ಅಕ್ಷರದ ತಗ್ಗಿಗೆ ಇಳಿದ್ರೆ ಆಮೇಲೆ ಶಾಸನ ಓದೋರಿಗೆ ದೊಡ್ಡ ತಲೆನೋವು, ಕೆರೆಯೋಕೆ ಹೋದ್ರೆ ಕಲ್ಲೇ ಹಾಳು. ಹೂವು ಅರಿಶಿನ ಕುಂಕುಮಕ್ಕೆ ನನ್ನ ತಕರಾರಿಲ್ಲ. ನಿಜ ಹೇಳ್ಬೇಕಂದ್ರೆ ರಸ್ತೆ ಅಗಲ ಮಾಡೋವಾಗ ಬರೀ ಕಲ್ಲು ಅಂತ ಇದ್ದಿದ್ದು ಜೆಸಿಬಿಗೆ ಹೋಯ್ತು, ವೀರಣ್ಣ ದೇವರು ಅಂತ ಇದ್ದಿದ್ದು ಉಳೀತು.

ನನಗೆ ಕಾಡೋದು ಇದೇ. ವೀರಗಲ್ಲಿಗೆ ದಿನಾ ದೀಪ ಹಚ್ಚೋರಿದಾರೆ, ಆದ್ರೆ ಸತ್ತೋನು ಯಾರು ಅಂತ ಅವರಿಗೇ ಗೊತ್ತಿಲ್ಲ. ಗ್ರಾನೈಟ್ ಗೋಡೆಲಿ ಹೆಸರು, ರೆಜಿಮೆಂಟು ಎಲ್ಲಾ ಕರೆಕ್ಟಾಗಿದೆ, ಆದ್ರೆ ಆ ಹೆಸರಿನ ಮುಂದೆ ವರ್ಷಕ್ಕೆ ಒಬ್ಬರಾದ್ರೂ ನಿಲ್ತಾರಾ ಅನ್ನೋದು ಡೌಟು. ಇವೆರಡೂ ಒಂದೇ ಕಲ್ಲಲ್ಲಿ ಸೇರಿರೋದನ್ನ ಈ ಊರಲ್ಲಿ ನಾನು ಕಂಡಿರೋದು ಅಪರೂಪ. ಬೆಂಗಳೂರಿನ ಶಾಸನಗಳನ್ನ ಮಿಥಿಕ್ ಸೊಸೈಟಿ ಅನ್ನೋ ಇತಿಹಾಸ ಸಂಸ್ಥೆಯೋರು ತ್ರೀಡಿ ಸ್ಕ್ಯಾನ್ ಮಾಡಿಡ್ತಾ ಇದಾರೆ, ಆ ಕೆಲಸದಿಂದ ಕೆಲವು ಕಡೆ ಊರಿನೋರಿಗೆ ತಮ್ಮ ದೇವರ ಹೆಸರೇ ಮೊದಲ ಸಲ ಗೊತ್ತಾಗೋ ಹಾಗಾಗಿದೆ.

ಪ್ರ: ಹಡ್ಸನ್ ಸರ್ಕಲ್‌ನಲ್ಲಿ ಒಂದು ಸ್ಮಾರಕ ಇತ್ತಂತೆ, ಕೆಡವಿದ್ರಂತೆ, ಹೌದಾ?

ಹೌದು. ಸೆನೋಟಾಫ್ ಅಂತಿದ್ರು, ಎತ್ತರದ ಕಂಬ. 1791ರಲ್ಲಿ ಕಾರ್ನ್‌ವಾಲಿಸ್ ಸೈನ್ಯ ಟಿಪ್ಪು ಕೈಲಿದ್ದ ಬೆಂಗಳೂರಿಗೆ ಮುತ್ತಿಗೆ ಹಾಕಿದಾಗ ಸತ್ತ ಬ್ರಿಟಿಷ್ ಕಡೆಯೋರ ನೆನಪಿಗೆ. ಈಗಿನ ನೃಪತುಂಗ ರಸ್ತೆಗೆ ಆಗ ಸೆನೋಟಾಫ್ ರೋಡ್ ಅಂತಾನೇ ಹೆಸರು. ಕನ್ನಡ ಹೋರಾಟಗಾರರ ಒತ್ತಾಯ ಜೋರಾಗಿ 1964ರಲ್ಲಿ ಕಾರ್ಪೊರೇಶನ್ ಅದನ್ನ ಕೆಡವಿಸ್ತು. ಊರನ್ನ ಗೆಲ್ಲೋಕೆ ಬಂದೋರ ಸ್ಮಾರಕ ಊರಿನ ನಡುವೆ, ಊರು ಕಾಯ್ತಾ ಸತ್ತೋರಿಗೆ ಒಂದು ಕಲ್ಲೂ ಇಲ್ಲ ಅಂದ್ರೆ ಸಿಟ್ಟು ಬರೋದು ಸಹಜ. ನಾನಾಗಿದ್ರೆ ಕೆಡವೋ ಬದಲು ಮ್ಯೂಸಿಯಂಗೆ ಸಾಗಿಸಿ ಅಂತಿದ್ದೆ, ಯಾಕಂದ್ರೆ ಕಲ್ಲಿನ ಜೊತೆ ಮುತ್ತಿಗೆಯ ನೆನಪೂ ಹೋಯ್ತು. ಇವತ್ತು ಆ ಸರ್ಕಲ್‌ನಲ್ಲಿ ನಿಂತ್ಕೊಂಡು 1791ರಲ್ಲಿ ಇಲ್ಲೇನಾಯ್ತು ಅಂತ ಕೇಳಿದ್ರೆ ಬಸ್ ನಂಬರ್ ಕೇಳಿದಂಗೆ ಮುಖ ನೋಡ್ತಾರೆ.

ಪ್ರ: ಹಾಗಾದ್ರೆ ಟಿಪ್ಪು ಕಡೆ ಸತ್ತೋರಿಗೆ?

ಕೆ.ಆರ್. ಮಾರ್ಕೆಟ್ ಹತ್ರದ ಕೋಟೆಗೆ ಹೋಗಿ. ಗೋಡೆಯಲ್ಲಿ ಒಂದು ಫಲಕ ಇದೆ, 1791 ಮಾರ್ಚ್ 21ರಂದು ಈ ಬಿರುಕಿನ ಮೂಲಕ ಬ್ರಿಟಿಷರ ದಾಳಿ ನಡೀತು ಅಂತ ಇಂಗ್ಲಿಷಲ್ಲಿ ಬರ್ದಿದೆ. ಗೆದ್ದೋರು ಹಾಕಿದ ಬೋರ್ಡು. ಆವತ್ತು ರಾತ್ರಿ ಅದೇ ಬಿರುಕಿನ ಒಳಗಡೆ ನಿಂತಿದ್ದ ಕಿಲ್ಲೇದಾರ, ಅಂದ್ರೆ ಕೋಟೆ ಕಾಯೋ ಪಡೆಯ ಮುಖ್ಯಸ್ಥ, ಬಹಾದ್ದೂರ್ ಖಾನ್, ವಯಸ್ಸಾದ ಮನುಷ್ಯ, ಕಾದಾಡ್ತಾನೇ ಸತ್ತ. ಅವನ ಜೊತೆ ಸತ್ತ ನೂರಾರು ಸಿಪಾಯಿಗಳ ಹೆಸರು ಆ ಗೋಡೆ ಮೇಲೆ ಎಲ್ಲೂ ಇಲ್ಲ. ಫಲಕ ಓದಿ ಆದ್ಮೇಲೆ ಒಳಗೆ ಹೋಗಿ ಅದರ ಇನ್ನೊಂದು ಬದಿಲಿ ಒಂದು ನಿಮಿಷ ನಿಲ್ಲಿ ಅಂತ ನಾನು ಎಲ್ಲಾರಿಗೂ ಹೇಳ್ತೀನಿ.

ಪ್ರ: ಯುದ್ಧ ಸ್ಮಾರಕ ಅಂದ್ರೆ ಯುದ್ಧನ ಹೊಗಳಿದ ಹಾಗಲ್ವಾ?

ಆಗಬಹುದು, ಸ್ಮಾರಕದಲ್ಲಿ ಏನನ್ನ ಮುಂದಿಡ್ತೀರಿ ಅನ್ನೋದ್ರ ಮೇಲಿದೆ. ಟ್ಯಾಂಕು ಫಿರಂಗಿ ಮುಂದಿಟ್ರೆ ಜನ ಟ್ಯಾಂಕ್ ಮೇಲೆ ಹತ್ತಿ ಫೋಟೋ ತೆಗೆಸ್ಕೊಳ್ತಾರೆ, ಅದು ಅವರ ತಪ್ಪೂ ಅಲ್ಲ. ಹೆಸರು ಮುಂದಿಟ್ರೆ ಓದೋಕೆ ಶುರು ಮಾಡ್ತಾರೆ, ಓದ್ತಾ ಓದ್ತಾ ಎಣಿಸೋಕೆ ಶುರು ಮಾಡ್ತಾರೆ, ಎಣಿಸೋಕೆ ಶುರು ಮಾಡಿದೋರು ಯುದ್ಧ ಬೇಕು ಅಂತ ಕೂಗೋದು ನಾನಂತೂ ನೋಡಿಲ್ಲ. ಟಿವಿ ಸ್ಟುಡಿಯೋದಲ್ಲಿ ಕೂತ್ಕೊಂಡು ಕೂಗೋರು ಈ ಗೋಡೆ ಹತ್ರ ಬರೋದು ಕಮ್ಮಿ. ನಿವೃತ್ತ ಸೈನಿಕರು ಬರ್ತಾರೆ, ಅವರು ಮಾತೇ ಆಡಲ್ಲ, ಒಂದು ಹೆಸರು ಹುಡುಕ್ತಾರೆ, ಸಿಕ್ಕಿದ್ಮೇಲೆ ಬೆನ್ನು ನೆಟ್ಟಗೆ ಮಾಡ್ಕೊಂಡು ನಿಂತು, ಹೊರಡ್ತಾರೆ.

ಪ್ರ: ಡೆಲ್ಲಿಲೇ ದೊಡ್ಡ ಸ್ಮಾರಕ ಇದೆಯಲ್ಲ, ಊರಿಗೊಂದು ಯಾಕೆ?

ಡೆಲ್ಲಿದು ದೇಶದ ಲೆಕ್ಕ. ಇಂಡಿಯಾ ಗೇಟ್ 1931ರದ್ದು, ಮೊದಲ ಮಹಾಯುದ್ಧ ಮತ್ತು ಆಫ್ಘನ್ ಯುದ್ಧದೋರ ಹೆಸರುಗಳು ಅದರ ಮೇಲಿವೆ. 1971ರ ಯುದ್ಧದ ನಂತರ ಅದರ ಕೆಳಗೆ ಅಮರ್ ಜವಾನ್ ಜ್ಯೋತಿ ಬಂತು, ತಲೆಕೆಳಗಾದ ಬಂದೂಕು, ಮೇಲೊಂದು ಹೆಲ್ಮೆಟ್. ಸ್ವತಂತ್ರ ಭಾರತದ ಸೈನಿಕರಿಗೇ ಅಂತ ರಾಷ್ಟ್ರೀಯ ಯುದ್ಧ ಸ್ಮಾರಕ ಉದ್ಘಾಟನೆ ಆಗಿದ್ದು 25 ಫೆಬ್ರವರಿ 2019ಕ್ಕೆ, 25,000ಕ್ಕೂ ಹೆಚ್ಚು ಹೆಸರು ಅಲ್ಲಿನ ತ್ಯಾಗ ಚಕ್ರದ ಗೋಡೆಗಳಲ್ಲಿವೆ. 2022ರ ಜನವರಿಲಿ ಹಳೇ ಜ್ಯೋತಿನ ಅಲ್ಲಿನ ಜ್ಯೋತಿ ಜೊತೆ ಸೇರಿಸಿದ್ರು, ಅದಕ್ಕೂ ಪರ ವಿರೋಧ ಎಲ್ಲಾ ಆಯ್ತು.

ಆದ್ರೆ ಕುಂದಗೋಳ ತಾಲೂಕಿನ ಬೆಟದೂರಿನೋರು ತಮ್ಮ ಹನುಮಂತಪ್ಪ ಕೊಪ್ಪದನ್ನ ನೆನೆಸ್ಕೊಳೋಕೆ ಡೆಲ್ಲಿಗೆ ಹೋಗೋಕಾಗುತ್ತಾ? 2016ರಲ್ಲಿ ಸಿಯಾಚಿನ್ ಹಿಮದ ಕೆಳಗೆ ಆರು ದಿನ ಬದುಕಿದ್ದು, ಹೊರಗೆ ತೆಗೆದ್ಮೇಲೆ ಆಸ್ಪತ್ರೆಲಿ ತೀರಿಕೊಂಡ್ರಲ್ಲ, ಅವರು. ಯಲಹಂಕದಲ್ಲಿ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಹೆಸರಿನ ರಸ್ತೆ ಇದೆ, ದಿನಾ ಸಾವಿರಾರು ಜನ ಆ ಹೆಸರನ್ನ ಅಡ್ರೆಸ್ ಹೇಳೋವಾಗ ಹೇಳ್ತಾರೆ. ಊರಿನ ನೆನಪು ಇರೋದೇ ಹೀಗೆ, ಬೇರೆ ಕೆಲಸದ ಮಧ್ಯೆ.

ಪ್ರ: ಕರ್ನಾಟಕದಲ್ಲಿ ಬೇರೆ ಎಲ್ಲಿ ನೋಡಬಹುದು?

ಮಡಿಕೇರಿಗೆ ಹೋಗಿ, ಜನರಲ್ ತಿಮ್ಮಯ್ಯನವರ ಮನೆ ಸನ್ನಿಸೈಡ್ ಈಗ ಮ್ಯೂಸಿಯಂ, 2021ರಲ್ಲಿ ಶುರುವಾಗಿದ್ದು. ಅದೇ ಊರಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಹೆಸರಿನ ಸರ್ಕಲ್ ಇದೆ. 1965ರ ಸರ್ಗೋಧಾ ದಾಳಿಲಿ ತಮ್ಮ ಹಳೇ ಮಿಸ್ಟೇರ್ ವಿಮಾನದಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರ್‌ನ ಹೊಡೆದು ಬೀಳಿಸಿ ತಾವೂ ವಾಪಸ್ ಬರ್ಲಿಲ್ಲ. ಹಾಗೆ ಬೀಳಿಸಿದ್ರು ಅನ್ನೋದು ನಮ್ಮೋರಿಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ, ಅದೂ ಆ ಕಡೆಯ ಮಾಹಿತಿಯಿಂದ, ಮಹಾವೀರ ಚಕ್ರ ಕೊಟ್ಟಿದ್ದು 1988ರಲ್ಲಿ. ಕಾರವಾರದ ಬೀಚ್‌ನಲ್ಲಿ ಐಎನ್ಎಸ್ ಚಾಪಲ್ ಅನ್ನೋ ನಿವೃತ್ತ ಯುದ್ಧನೌಕೆ ಇದೆ, ಒಳಗೆ ಹತ್ತಿ ನೋಡಬಹುದು.

ಪ್ರ: ಯಾವ ದಿನ ಹೋದ್ರೆ ಕಾರ್ಯಕ್ರಮ ಇರುತ್ತೆ?

ಜುಲೈ 26 ಕಾರ್ಗಿಲ್ ವಿಜಯ ದಿವಸ, 1999ರಲ್ಲಿ 527 ಜನ ಸತ್ತಿದ್ದನ್ನ ನೆನೆಯೋ ದಿನ. ಡಿಸೆಂಬರ್ 16 ಬಾಂಗ್ಲಾ ಯುದ್ಧದ ವಿಜಯ ದಿವಸ. ಜನವರಿ 15 ಸೇನಾ ದಿನ, 1949ರಲ್ಲಿ ನಮ್ಮ ಕೊಡಗಿನ ಕಾರ್ಯಪ್ಪನವರು ಬ್ರಿಟಿಷ್ ಜನರಲ್ ಕೈಯಿಂದ ಅಧಿಕಾರ ತಗೊಂಡ ದಿನ. ಸೆಪ್ಟೆಂಬರ್ 23 ಹೈಫಾ. ಅಕ್ಟೋಬರ್ 21 ಪೊಲೀಸ್ ಸಂಸ್ಮರಣಾ ದಿನ, 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀ ಸೈನಿಕರ ಗುಂಡಿಗೆ ಹತ್ತು ಪೊಲೀಸರು ಬಲಿಯಾಗಿದ್ದು, ಜನಕ್ಕೆ ಇದು ಗೊತ್ತೇ ಇರಲ್ಲ. ಡಿಸೆಂಬರ್ 7 ಧ್ವಜ ದಿನ, ಆವತ್ತು ಡಬ್ಬಿಗೆ ಹಾಕಿದ ದುಡ್ಡು ಮಾಜಿ ಸೈನಿಕರ ಮತ್ತು ಸತ್ತೋರ ಕುಟುಂಬಕ್ಕೆ ಹೋಗುತ್ತೆ, ಹಾಕಿ.

ಹೆಸರು ಓದೋಕೆ ಅಂತಾದ್ರೆ ಮಾತ್ರ ಈ ದಿನಗಳನ್ನ ಬಿಟ್ಟು ಬೇರೆ ದಿನ ಹೋಗಿ. ಕಾರ್ಯಕ್ರಮದ ದಿನ ಸೆಕ್ಯುರಿಟಿ, ವಿಐಪಿ ಕಾರು, ಮೈಕ್ ಟೆಸ್ಟಿಂಗ್ ಇಷ್ಟೇ ಸಿಗೋದು.

ಪ್ರ: ಕಾರ್ಯಕ್ರಮದಲ್ಲಿ ಬಂದೂಕು ತಲೆಕೆಳಗೆ ಮಾಡಿ ನಿಲ್ತಾರಲ್ಲ, ಅದೇನು?

ಶೋಕ ಶಸ್ತ್ರ. ಬಂದೂಕಿನ ಬಾಯಿ ನೆಲದ ಕಡೆ, ತಲೆ ಬಗ್ಗಿಸಿ ನಿಲ್ಲೋದು. ಹೂವಿನ ಚಕ್ರ ಇಟ್ಟಾದ್ಮೇಲೆ ಬ್ಯೂಗಲ್‌ನಲ್ಲಿ ಲಾಸ್ಟ್ ಪೋಸ್ಟ್ ಬಾರಿಸ್ತಾರೆ, ಆಮೇಲೆ ಮೌನ, ಮೌನ ಮುಗಿಸೋಕೆ ಮತ್ತೆ ಬ್ಯೂಗಲ್. ಮೌನಾಚರಣೆ ಅನ್ನೋದು ಪ್ರಪಂಚದ ತುಂಬಾ ಹಬ್ಬಿದ್ದು 1919ರ ನವೆಂಬರ್ 11ರ ನಂತರ, ಮೊದಲ ಯುದ್ಧ ನಿಂತ ವರ್ಷದ ದಿನಕ್ಕೆ ಎರಡು ನಿಮಿಷ. ಈಗ ನಮ್ಮಲ್ಲಿ ಯಾರು ತೀರಿಕೊಂಡ್ರೂ ಸಭೆಲಿ ಎದ್ದು ನಿಲ್ತೀವಿ, ಅದರ ಬೇರು ಅಲ್ಲಿದೆ. ಎರಡು ನಿಮಿಷ ಅಂತ ಹೇಳಿ ನಲವತ್ತು ಸೆಕೆಂಡಿಗೆ ಕೂರೋದು ಮಾತ್ರ ನಮ್ಮದೇ ಸೇರ್ಪಡೆ.

ಪ್ರ: ಚಪ್ಪಲಿ ಬಿಡಬೇಕಾ? ಸೆಲ್ಫಿ ತೆಗೀಬಹುದಾ?

ಚಪ್ಪಲಿ ಬಿಡ್ಬೇಕು ಅಂತ ರೂಲ್ಸ್ ಏನಿಲ್ಲ, ಹೂವಿಡೋವಾಗ ನಮ್ಮ ಜನ ತಾವಾಗೇ ಬಿಡ್ತಾರೆ. ಸೆಲ್ಫಿ ತೆಗೀರಿ, ಆದ್ರೆ ಪಕ್ಕದಲ್ಲಿ ಯಾರಾದ್ರೂ ಹೆಸರು ಹುಡುಕ್ತಾ ಇದ್ರೆ ಸ್ವಲ್ಪ ಸರ್ಕೊಂಡು ತೆಗೀರಿ. ಹಲಗೆಗೆ ಒರಗಿ ರೀಲ್ಸ್ ಮಾಡ್ಬೇಡಿ. ಪೆನ್ನಿನಲ್ಲಿ ಗೀಚೋರಿಗೆ ಹೇಳೋಕೆ ನನ್ನ ಹತ್ರ ಇಲ್ಲಿ ಬರೆಯೋ ಅಂಥ ಭಾಷೆ ಇಲ್ಲ.

ಪ್ರ: ನಮ್ಮ ಮುತ್ತಾತ ಮಹಾಯುದ್ಧಕ್ಕೆ ಹೋಗಿ ವಾಪಸ್ ಬರ್ಲಿಲ್ಲ ಅಂತ ಮನೆಲಿ ಹೇಳ್ತಾರೆ. ಹೆಸರು ಹುಡುಕೋದು ಹೇಗೆ?

ಎರಡು ಮಹಾಯುದ್ಧಗಳಲ್ಲಿ ಸತ್ತೋರಾದ್ರೆ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ವೆಬ್‌ಸೈಟ್‌ನಲ್ಲಿ ಫ್ರೀಯಾಗಿ ಹುಡುಕಬಹುದು. ತೊಂದರೆ ಸ್ಪೆಲಿಂಗ್‌ದು. ಇಂಗ್ಲಿಷ್ ಗುಮಾಸ್ತ ಕಿವಿಗೆ ಕೇಳಿದ ಹಾಗೆ ಬರ್ಕೊಂಡಿರ್ತಾನೆ, ಮುನಿಸ್ವಾಮಿ ಅನ್ನೋ ಒಂದು ಹೆಸರಿಗೇ ನಾಲ್ಕೈದು ಥರ ಟ್ರೈ ಮಾಡ್ಬೇಕು. ಹೆಸರಿಗಿಂತ ಪಡೆಯ ಹೆಸರಿಂದ ಹೋಗೋದು ಸುಲಭ, ಮನೆಲಿ ಹಳೇ ಮೆಡಲ್ ಇದ್ರೆ ಅದರ ಅಂಚನ್ನ ನೋಡಿ, ನಂಬರ್, ಹೆಸರು, ಪಲ್ಟನ್ ಸಣ್ಣಗೆ ಕೆತ್ತಿರ್ತಾರೆ. ಎಷ್ಟೋ ಮನೆಲಿ ಆ ಮೆಡಲ್ ದೇವರ ಪೆಟ್ಟಿಗೆಲಿ ಕುಂಕುಮ ಮೆತ್ಕೊಂಡು ಕೂತಿರುತ್ತೆ, ಮೆತ್ತಗಿನ ಬಟ್ಟೆಲಿ ಒರೆಸಿ, ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಅಕ್ಷರ ಸವೆದು ಹೋಗುತ್ತೆ. ಕೆಲವು ದಾಖಲೆಗಳಲ್ಲಿ ಇಂಥವರ ಮಗ, ಇಂಥ ಊರು, ಬೆಂಗಳೂರು ಅಂತ ಇರುತ್ತೆ, ಅಲ್ಲಿಗೆ ಗ್ಯಾರಂಟಿ.

1947ರ ಈಚೆಯೋರಾದ್ರೆ ಡೆಲ್ಲಿ ಸ್ಮಾರಕದ ವೆಬ್‌ಸೈಟ್‌ನಲ್ಲಿ ಹೆಸರು ಹುಡುಕಿ. ಕುಟುಂಬದೋರಿಗೆ ಸವಲತ್ತು, ದಾಖಲೆ ಆ ಥರ ವಿಷಯ ಇದ್ರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಅಂತ ಇದೆ, ಜಿಲ್ಲೆಗಳಲ್ಲೂ ಆಫೀಸ್ ಇದೆ, ಡಿಸ್ಚಾರ್ಜ್ ಬುಕ್ಕೋ ಪೆನ್ಷನ್ ಪೇಪರ್ರೋ ಏನಿದ್ರೂ ಜೆರಾಕ್ಸ್ ಹಿಡ್ಕೊಂಡು ಹೋಗಿ.

ಪ್ರ: ಎಲ್ಲಾ ಒಂದೇ ದಿನ ನೋಡಬಹುದಾ?

ಊರೊಳಗಿಂದು ಆಗುತ್ತೆ. ಬೆಳಿಗ್ಗೆ ಬೇಗ ಬ್ರಿಗೇಡ್ ರೋಡ್ ಜಂಕ್ಷನ್, ಟ್ರಾಫಿಕ್ ಶುರುವಾಗೋ ಮುಂಚೆ, ಆಮೇಲೆ ಅಲ್ಲಿ ನಿಲ್ಲೋಕಾಗಲ್ಲ. ಅಲ್ಲಿಂದ ಕಸ್ತೂರ್ಬಾ ರಸ್ತೆ ಮ್ಯೂಸಿಯಂ, ಅದು ತೆಗೆದಿದೆಯಾ ಅಂತ ಮುಂಚೆನೇ ನೋಡ್ಕೊಳ್ಳಿ. ಹಡ್ಸನ್ ಸರ್ಕಲ್ ದಾಟಿ ಕೋಟೆ. ಮಧ್ಯಾಹ್ನದ ಮೇಲೆ ಚೌಡಯ್ಯ ರಸ್ತೆ, ಮರದ ನೆರಳಿದೆ, ಸಂಜೆಗೆ ಜೆ.ಸಿ. ನಗರ. ಬೇಗೂರನ್ನ ಇದಕ್ಕೆ ಸೇರಿಸೋಕೆ ಹೋಗ್ಬೇಡಿ, ಹೊಸೂರು ರಸ್ತೆ ಟ್ರಾಫಿಕ್‌ನಲ್ಲಿ ಅರ್ಧ ದಿನ ಹೋಗುತ್ತೆ, ಅದಕ್ಕೆ ಒಂದು ಭಾನುವಾರ ಬೇರೆ ಇಟ್ಕೊಳ್ಳಿ, ಬೆಳಿಗ್ಗೆ ದೇವಸ್ಥಾನ ತೆಗೆದಿರೋ ಹೊತ್ತಿಗೆ ಹೋಗಿ, ಬಿಸಿಲು ಓರೆಯಾಗಿ ಬೀಳೋವಾಗ ಅಕ್ಷರ ಚೆನ್ನಾಗಿ ಕಾಣುತ್ತೆ, ಮೋಡ ಇದ್ರೆ ಮೊಬೈಲ್ ಟಾರ್ಚ್‌ನ ಪಕ್ಕದಿಂದ ಹಿಡೀರಿ.